ಕರಿ ತಟ್ಟೆಯ ಮೇಲೆ ಮೂರು ಹರಳು

ಒಂದಾನೊಂದು ಕಾಲದಾಗ, ಏಳು ಸಮುದ್ರದ ತಳದಾಗ ಒಬ್ಬಾಕಿ ರಾಣಿ ಇದ್ಲಂತ, ಆಕಿಗೆ ಇಬ್ಬರು ಸೊಸೆದೇರು, ಒಬ್ಬಾಕಿ ಮ್ಯಾಲ ಜೀವ, ಇನ್ನೊಬ್ಬಾಕಿ ಮ್ಯಾಲ ಬರೇ ಕಣ್ಣು — ಅಜ್ಜಿ ಗೋದೂಬಾಯಿ ಹೀಗೆ ಶುರು ಮಾಡುತ್ತಿದ್ದಳು, ಆಗಲೂ ಇದೇ ಅಟ್ಟದ ಕಿಟಕಿಯಿಂದ ಬಿಸಿಲು ಹೀಗೇ ಓರೆಯಾಗಿ ಬೀಳುತ್ತಿತ್ತು, ಈಗ ಈ ಕರಿ ತಟ್ಟೆಯ ಮೇಲೆ ಬಿದ್ದ ಹಾಗೆ, ಉಸುಕಿನ ಒಂದೊಂದು ಕಣಕ್ಕೂ ಒಂದೊಂದು ನೆರಳು — ಉಸಿರು ಬಿಗಿಹಿಡಿ ಅನಸೂಯಾ, ಸೀನಬೇಡ, ಕೆಳಗೆ ಕಾಕು, ಚಿಕ್ಕಪ್ಪನ ಹೆಂಡತಿ, ಮೆಣಸಿನಕಾಯಿ ಹುರಿಯುತ್ತಿದ್ದಾಳೆ, ಬ್ಯಾಡಗಿಯಲ್ಲಿ ಹುಟ್ಟಿದವರಿಗೆ ಘಾಟು ಹತ್ತುವುದಿಲ್ಲ ಅನ್ನುತ್ತಾರೆ, ಸುಳ್ಳು, ಮಾರ್ಕೆಟ್ ದಿನ ಇಡೀ ಊರೇ ಸೀನುತ್ತದೆ, ನಾನೊಂದು ಸೀನು ಸೀನಿದರೆ ಮೇಘಾಲಯದ ಹೊಳೆದಂಡೆಯಿಂದ ಬಂದ ಈ ಚಿಟಿಕೆ ಹಳೆಯ ಸಮುದ್ರತಳವೆಲ್ಲ ಹಾರಿ ಕಾಕಾನ ಹೊಲಿಗೆ ಮಷೀನಿನ ಎಣ್ಣೆಗೆ ಅಂಟಿಕೊಂಡೀತು, ಆಮೇಲೆ ಇಂದಿರಾಗೆ ಏನು ಹೇಳಲಿ, ಇಂದಿರಾ ಸಂಜೆ ಗಾಡಿಗೆ ಧಾರವಾಡದಿಂದ ಬರುತ್ತಾಳೆ, ಕಾಕಾನ ಮಗಳು, ನನ್ನ ವಾರಿಗೆಯವಳು, ಅನಸೂ ನಿನ್ನ ಕೈ ಭಾಳ ನಾಜೂಕು, ಇದೊಂದ ಪುಡಿಕಿ ಮಣ್ಣಿನಾಗಿನ ಸಣ್ಣ ಚಿಪ್ಪು ಆರಿಸಿಕೊಡು, ನನ್ನ ಕಣ್ಣು ಸೋತಾವ, ಅಂತ ದುರ್ಬೀನು, ಅದೇ ಕಾಲೇಜಿನ ಸೂಕ್ಷ್ಮದರ್ಶಕ, ಸಮೇತ ಇಟ್ಟು ಹೋದಳು, ನೀ ಬರೂದರೊಳಗ ಮುಗಿಸಿರತೇನಿ ಅಂದೆ, ಯಾಕೆ ಅಂದೆ, ಅವಳ ಮೂಗಿನ ಮೇಲೆ ಅದು ಮಿಂಚುತ್ತಿತ್ತು, ಅದನ್ನು ನೋಡುತ್ತ ನೋಡುತ್ತ ಹೂಂ ಅಂದುಬಿಟ್ಟೆ.

ಅಜ್ಜಿಯ ಮೂಗುಬೊಟ್ಟು, ಮೂರು ಬಿಳಿ ಹರಳು ಒಂದಕ್ಕೊಂದು ಒರಗಿಕೊಂಡಂಥದ್ದು. ಭೂವಿಜ್ಞಾನದ ಬಿ.ಎಸ್ಸಿ. ಇಬ್ಬರೂ ಮುಗಿಸಿದೆವು, ಅದೇ ಕಲ್ಲು, ಅದೇ ಮಣ್ಣು, ಅದೇ ಬೆಂಚು, ಮುಂದೆ ಓದುವ ಹೊತ್ತಿಗೆ ಅಜ್ಜಿ ಹಾಸಿಗೆ ಹಿಡಿದಳು, ಮನ್ಯಾಗ ಯಾರರ ಒಬ್ಬರು ಇರಬೇಕಲ್ಲವಾ, ಅನಸೂ ಇರಲಿ, ಆಕಿ ಕಥಿ ಕೇಳಾಕಿ, ಆಕಿಗೆ ಬ್ಯಾಸರ ಇಲ್ಲ, ಅಂದರು ಕಾಕಾ ಕೃಷ್ಣಾಜಿ, ಅಂಗಿಯ ಕೊರಳು ಕತ್ತರಿಸುತ್ತ, ತಲೆ ಎತ್ತದೆ, ನನ್ನದೂ ಅಲ್ಲೇ ಕತ್ತರಿಸಿ ಹೋಯಿತು, ಇಂದಿರಾ ಧಾರವಾಡಕ್ಕೆ ಹೋದಳು, ನನಗೆ ಬೇಸರ ಇರಲಿಲ್ಲ ಖರೇ, ಬೆನ್ನು ಒರೆಸಿದೆ, ಗಂಜಿ ಕುಡಿಸಿದೆ, ಕಥೆ ಕೇಳಿದೆ, ಕೊನೆಗೆ ಅಜ್ಜಿ ಮೂಗಿನಿಂದ ತಿರುವಿ ತಿರುವಿ ಅದನ್ನು ಬಿಚ್ಚಿ ನನ್ನ ಅಂಗೈಯಲ್ಲಿಟ್ಟಳು, ಅಂಗೈ ಬೆಚ್ಚಗಾಯಿತು, ಇದನ್ನ ಇಂದಿರಾಗ ಕೊಡವಾ, ಹೊರಗ ತಿರಗಾಕಿ, ಹೆಣ್ಮಗಳ ಮೂಗು ಬರಿದ ಇರಬಾರದು. ನಾನೇ ಕೊಟ್ಟೆ. ನನ್ನ ಕೈಯಿಂದಲೇ. ಅಯ್ಯ ನಂಗ್ಯಾಕ ಅಂದಳು ಇಂದಿರಾ, ಅಂತಲೇ ಕನ್ನಡಿ ಮುಂದೆ ನಿಂತಳು. ಅನಸೂಯಾ ಅಂದರೆ ಹೊಟ್ಟೆಕಿಚ್ಚಿಲ್ಲದವಳು ಅಂತ ಶಾಲೆಯ ಮಾಸ್ತರು ಹೇಳಿದ್ದರು, ಪಾಪ.

ಕುಂಚವನ್ನು ಒದ್ದೆ ಮಾಡು, ಕಣಕ್ಕೆ ತಾಗಿಸು, ಎತ್ತು, ಗೋಂದು ಸವರಿದ ಕರಿ ಪಟ್ಟಿಯ ಪುಟ್ಟ ಮನೆಯೊಳಗೆ ಇಡು. ಒಂದೇ ಜೀವಕೋಶದ ಹುಳಗಳು, ನೀರಿನಲ್ಲಿ ತೇಲುತ್ತ ತೇಲುತ್ತ ಸುಣ್ಣದ ಕೋಣೆ ಕಟ್ಟಿಕೊಂಡವು, ಸತ್ತು ತಳಕ್ಕೆ ಮಳೆಯ ಹಾಗೆ ಬಿದ್ದವು, ಕೆಳಗಿನ ಪದರಿನವು ಎಷ್ಟು ಶೃಂಗಾರ ಮಾಡಿಕೊಂಡಿದ್ದವು, ಸುತ್ತಲೂ ಇಳಕಲ್ ಸೀರೆಯ ದಡಿಯಂಥ ಅಂಚು, ದೊಡ್ಡ ಮೈ, ಆಳದ ನೀರು, ಲಕ್ಷ ಲಕ್ಷ ವರ್ಷ ಮೆರೆದವು, ಆಮೇಲೆ ಕರಿ ಮಣ್ಣಿನ ಒಂದು ಗೆರೆ, ಬೆರಳಿನಷ್ಟು, ಅದರ ಮೇಲೆ ಅವು ಒಂದೂ ಇಲ್ಲ, ಆಕಾಶದಿಂದ ಕಲ್ಲು ಬಿತ್ತಂತ, ಅಲ್ಲ ನಮ್ಮ ಕಡೆ ನೆಲ ಬಾಯಿಬಿಟ್ಟು ಬೆಂಕಿ ಕಾರಿತಂತ, ಇಂದಿರಾನ ಸರ್ ಒಂದು ಹೇಳಿದರೆ ಇನ್ನೊಬ್ಬ ಸರ್ ಇನ್ನೊಂದು, ದಡಿಯವರೆಲ್ಲ ಹೋದರು, ಉಳಿದದ್ದು ದಂಡೆಯ ಕೊಳಕು ನೀರಿನಲ್ಲಿ ಬದುಕಿ ಗೊತ್ತಿದ್ದ ಸಣ್ಣವು, ಮೂರೇ ಮೂರು ಗುಳ್ಳೆ ಗುಂಪಾದಂಥವು, ಎಂದೂ ಯಾರೂ ಕಣ್ಣೆತ್ತಿ ನೋಡದಂಥವು, ಮುಂದೆ ಹುಟ್ಟಿದ ಎಷ್ಟೋ ಹೊಸ ಜಾತಿಗೆ ಅವೇ ತಾಯಂತೆ, ಓದಿದಾಗ ನಕ್ಕೆ, ಮನೆಯಲ್ಲೇ ಉಳಿದವರು. ಗೆರೆಗೆ ಹತ್ತಿದ ಈ ಮಣ್ಣಿನಾಗ ಏನೂ ಬದುಕಿಲ್ಲ ಅಂತಾರ ನಮ್ಮ ಸರ್, ನಾ ಐತಿ ಅಂತ ಹಟ ಹಿಡದೇನಿ, ಒಂದಽ ಒಂದು ಸಿಕ್ಕರ ಕಲಕತ್ತಾದ ಸಭಾಕ್ಕ ನಂದೂ ಹೆಸರು ಹಾಕ್ತಾರ, ಇಲ್ಲಂದ್ರ ಇಲ್ಲ, ಅಂದಿದ್ದಳು ಇಂದಿರಾ. ಬೆಳಗಿನಿಂದ ಬರೀ ಉಸುಕು, ಅಭ್ರಕದ ಚೂರು, ಕೊನೆಯ ಚಿಟಿಕೆ, ಈಗ — ಇಲ್ಲಿ.

ಮೂರು ಗುಳ್ಳೆ. ಒಂದಕ್ಕೊಂದು ಒರಗಿ. ಕರಿ ತಟ್ಟೆಯ ಮೇಲೆ ಬೆಳ್ಳಗೆ, ಅಜ್ಜಿಯ ಮೂಗಿನಿಂದ ಈಗ ತಾನೆ ತಿರುವಿ ತೆಗೆದ ಹಾಗೆ. ರಾಣಿಯ ಮೂಗುಬೊಟ್ಟು ಉಸುಕಿನ್ಯಾಗ ಬಿತ್ತಂತ, ಬರೇ ಕಣ್ಣು ಇಟ್ಟಿದ್ದ ಆ ಸೊಸಿಗೆ ಹೇಳಿದ್ಲಂತ, ಹುಡುಕು, ಸಿಕ್ಕರ ಅದು ನಿಂದಲ್ಲ, ಸಿಗಲಿಲ್ಲಂದ್ರ ಮನಿ ನಿಂದಲ್ಲ — ಸಿಕ್ತೇನಜ್ಜಿ, ಸಿಕ್ತು, ಕೊಟ್ಟಳೇನಜ್ಜಿ — ಮುಂದ ನೀನ ಹೇಳು ಅಂದು ಅಜ್ಜಿ ಗೋಡೆಗೆ ಮುಖ ಮಾಡುತ್ತಿದ್ದಳು. ನೋಡಿದವಳು ನಾನೊಬ್ಬಳೇ. ಊದಿದರೆ ಸಾಕು. ಇಲ್ಲವಾ ಇಂದಿರಾ, ಏನೂ ಇರಲಿಲ್ಲ, ನಿಮ್ಮ ಸರ್ ಹೇಳಿದ್ದೇ ಖರೇ, ಅವಳ ಮುಖ ಸಣ್ಣಗಾಗುವುದನ್ನು ಒಮ್ಮೆ ನೋಡಬೇಕು, ಒಮ್ಮೆಯಾದರೂ ಅವಳು ಈ ಅಟ್ಟದಲ್ಲಿ ಬರಿಗೈಲಿ ಕೂಡಬೇಕು, ನನ್ನ ಹಾಗೆ, ಮೆಣಸಿನ ಘಾಟಿನಲ್ಲಿ — ಕುಂಚ ತಾಗಿಸಿದೆ, ಎತ್ತಿದೆ, ಬಂತು, ಎಲ್ಲಿ ಇಡಲಿ ಎಲ್ಲಿ ಬಿಡಲಿ ಅನ್ನುವುದರೊಳಗೆ ಕೈ ತಾನೇ ತುಟಿಗೆ ಹೋಯಿತು, ಸೂಜಿಗೆ ಪೋಣಿಸುವ ಮೊದಲು ದಾರವನ್ನು ನಾಲಿಗೆಗೆ ತಾಗಿಸಿ ಮೊನೆ ಮಾಡುವ ಕೈ, ದರ್ಜಿ ಮನೆಯಲ್ಲಿ ಮಾತು ಬರುವ ಮೊದಲೇ ಬರುವ ಚಾಳಿ.

ಕುಂಚದ ಮೇಲೆ ಇಲ್ಲ. ದುರ್ಬೀನಿನ ಕೆಳಗೆ ತಿರುಗಿಸಿ ನೋಡಿದೆ, ಇಲ್ಲ. ನಾಲಿಗೆಯ ತುದಿಗೆ ಏನೋ ಒಂದು, ಅನ್ನದಲ್ಲಿಯ ಉಸುಕಿನಂಥದ್ದು, ಹೌದು, ಅದೇ, ಆರೂವರೆ ಕೋಟಿ ವರ್ಷ ಯಾವುದಕ್ಕೂ ಕರಗದ್ದು ನನ್ನ ಬಾಯಿಯಲ್ಲಿ, ಹಲ್ಲು ಕೂಡಿಸಬೇಡ, ಉಗುಳು ನುಂಗಬೇಡ — ನುಂಗಿದರೆ? ಬೇಕಂತ ಅಲ್ಲ, ಚಾಳಿ, ಯಾರೂ ಬೈಯುವ ಹಾಗಿಲ್ಲ, ನನ್ನ ಮೈಯೊಳಗೆ ಇರುತ್ತದೆ, ಯಾರೂ ನನ್ನ ಕೈಯಿಂದ ಇನ್ನೊಬ್ಬರಿಗೆ ಕೊಡಿಸಲಾರರು — ಮೆಟ್ಟಿಲ ಮೇಲೆ ಚಪ್ಪಲಿ, ಅವಳೇ, ಅನಸೂ ಮುಗೀತೇನ, ಹೆಂಗ ಆತು, ಯಾಕ ಸುಮ್ಮನ ಅದಿ, ಬಾಯಾಗ ಎಲಿ ಹಾಕ್ಕೊಂಡೀಯೇನು, ಕೆಳಗಿನಿಂದ ಕಾಕು, ಆಕಿ ಮಾತಿಗಿ ಬರಾಂಗಿಲ್ಲವಾ, ಮುಂಜಾನಿಯಿಂದ ಸಮುದ್ರದಾಗ ಅದಾಳ, ಉಂಡೂ ಇಲ್ಲ. ಇಂದಿರಾ ನಗಲಿಲ್ಲ. ಸಿಗಲಿಲ್ಲೇನ, ಅಂದಳು, ಮೆಲ್ಲಗೆ, ನಮ್ಮ ಅಜ್ಜಿ ಸತ್ತ ದಿನ ತಡವಾಗಿ ಬಂದು ಬಾಗಿಲಲ್ಲಿ ನಿಂತು ಹೋದ್ಲೇನ ಅಂದಿದ್ದಳಲ್ಲ, ಅದೇ ದನಿ, ಮುಖ ಆಗಲೇ ಸಣ್ಣಗಾಗಿತ್ತು, ನೋಡಬೇಕು ಅಂದಿದ್ದೆನಲ್ಲ, ನೋಡಿದೆ, ಉಗುಳು ಬಾಯಿ ತುಂಬ ಬರುತ್ತಿದೆ, ಗಂಟಲು ತಾನೇ ನುಂಗಲು ನೋಡುತ್ತಿದೆ, ಸಿಕ್ಕರ ನಿಂದಲ್ಲ, ಸಿಗಲಿಲ್ಲಂದ್ರ — ಕುಂಚವನ್ನು ನಾಲಿಗೆಯ ತುದಿಗೆ ಒಯ್ದೆ, ಅವಳ ಎದುರಿಗೇ, ಅವಳು ಕಣ್ಣರಳಿಸಿ ನೋಡುತ್ತಿದ್ದಂತೆ, ತಾಗಿಸಿದೆ, ಎತ್ತಿದೆ, ಕರಿ ಪಟ್ಟಿಯ ಖಾಲಿ ಮನೆಗೆ ಇಳಿಸಿದೆ, ಗೋಂದು ಹಿಡಿಯಿತು. ಮುಗೀತು ನೋಡು, ಅಂದೆ, ಬಾಯಿ ಸಡಿಲವಾಯಿತು. ಅವಳು ಬಗ್ಗಿದಳು, ಮೂಗುಬೊಟ್ಟು ದುರ್ಬೀನಿನ ಹಿತ್ತಾಳೆಗೆ ಬಡಿದು ಟಕ್ ಅಂದಿತು, ಉಸಿರು ನಿಂತಿತು ಅವಳದು, ಸಂಜೆಯ ಬಿಸಿಲು ಅವಳ ಮೂಗಿನ ಮೇಲೆ, ದುರ್ಬೀನಿನ ಕನ್ನಡಿಯ ಕೆಳಗೂ ಅದೇ ಬಿಸಿಲು, ಮೂರು ಹರಳು, ಒಂದಕ್ಕೊಂದು ಒರಗಿ, ಕರಿ ಪಟ್ಟಿಯ ಮೇಲೆ ಬೆಳ್ಳಗೆ, ಇನ್ನೂ ಒದ್ದೆ, ನನ್ನ ಎಂಜಲಿನಲ್ಲಿ ಹೊಳೆಯುತ್ತ, ಮೂರು ಹರಳು