ಸರ್ಕೊ

"ಸರ್ಕೊಳಮ್ಮಿ ಅತ್ಲಾಗೆ! ಮಾಲೆ ಆಕಿವ್ನಿ ಅಂತ ಕಣ್ ಕಾಣಕಿಲ್ವಾ? ದಾರಿಗಡ್ಡ ನಿಂತವ್ಳೆ, ಎಮ್ಮೆ ನಿಂತಂಗೆ!"

ಚಿಕ್ಕತಾಯಿಯ ಎರಡೂ ಕೈಯಲ್ಲಿ ರಸ್ಕಿನ ಟ್ರೇ ಇತ್ತು. ಬೆನ್ನ ಹಿಂದೆ ಪೊಟ್ಟಣದ ಬಾಯಿ ಅಂಟಿಸುವ ಯಂತ್ರ. ಸರಿಯಲು ಜಾಗವೇ ಇರಲಿಲ್ಲ. ಆದರೂ ಸರಿದಳು. ಮೊಣಕೈ ಬಿಸಿ ಕಬ್ಬಿಣಕ್ಕೆ ತಾಗಿ ಚುರ್ರೆಂದಿತು. ಸೂಪರ್‌ವೈಸರ್ ಕುಮಾರ ಕಪ್ಪು ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದು, ಕೊಚ್ಚೆ ದಾಟುವವನ ಹಾಗೆ ಅವಳನ್ನು ದಾಟಿಕೊಂಡು ಹೋದ.

ನಾಲ್ಕು ಮಾರು ಆಚೆಗೆ ವಿಶಾಲಮ್ಮನೂ ಹಾಗೆಯೇ ಟ್ರೇ ಹಿಡಿದು ದಾರಿಗಡ್ಡ ನಿಂತಿದ್ದಳು. "ಏನ್ ವಿಶಾಲಕ್ಕ, ತಿಂಡಿ ಆಯ್ತಾ?" ಎಂದು ಕೇಳಿ ಅವಳ ಭುಜ ಉಜ್ಜಿಕೊಂಡೇ ನುಸುಳಿದ. ವಿಶಾಲಮ್ಮ ಕೇರಿಯವಳಲ್ಲ. ಯಾರಿಗೆ ತಗುಲಿದರೆ ಮೈಲಿಗೆ, ಯಾರಿಗೆ ತಗುಲಿದರೆ ಇಲ್ಲ ಎಂಬುದನ್ನು ಆ ಮಣಿಸರ ಚೆನ್ನಾಗಿ ತಿಳಿದುಕೊಂಡಿತ್ತು.

ತಾಂಡ್ಯ ಇಂಡಸ್ಟ್ರಿಯಲ್ ಏರಿಯಾದ ಆ ರಸ್ಕಿನ ಕಾರ್ಖಾನೆಯೊಳಕ್ಕೆ ತಲೆಗೆ ಟೋಪಿ, ಕಾಲಿಗೆ ಬೂಟು ಇಲ್ಲದೆ ಹೆಂಗಸರು ಬಂದರೆ ಗೇಟಿನಲ್ಲೇ ವಾಪಸ್ಸು. ಕುಮಾರ ಮಾತ್ರ ಬರಿಗಾಲಲ್ಲಿ, ಕುರುಚಲು ಗಡ್ಡದಲ್ಲಿ ಹಿಟ್ಟಿನ ಚೀಲಗಳ ನಡುವೆ ಓಡಾಡಬಹುದಿತ್ತು. ದೇವರ ಮನುಷ್ಯನನ್ನು ಕೇಳುವವರು ಯಾರು? ಊರಿನಲ್ಲಿ ಅವನನ್ನು 'ಬುದ್ದಿ' ಅನ್ನಬೇಕು, ಕಾರ್ಖಾನೆಯಲ್ಲಿ 'ಸಾ', ಮಾಲೆ ಹಾಕಿದ ಮೇಲೆ 'ಸಾಮಿ'. ಮೂರು ಹೆಸರಿನ ಆ ಗಂಡಸು ಚಿಕ್ಕತಾಯಿಯನ್ನು ಒಂದು ಸಲವೂ ಹೆಸರು ಹಿಡಿದು ಕರೆದವನಲ್ಲ. ಅವಳು 'ಅಮ್ಮಿ', ಇಲ್ಲವೇ 'ಲೇ'.

ಅವರಿಬ್ಬರದೂ ಒಂದೇ ಊರು. ತಿ. ನರಸೀಪುರದಿಂದ ಸೋಮನಾಥಪುರದ ಕಡೆ ಹೋಗುತ್ತ ನಾಲೆಯ ಪಕ್ಕಕ್ಕೆ ತಿರುಗಿದರೆ ಸಿಗುವ ಊರು. ಕುಮಾರನ ಅಪ್ಪ ಬೋರಯ್ಯನ ಕೊಟ್ಟಿಗೆಯ ಸಗಣಿ ಬಾಚುವುದು ಚಿಕ್ಕತಾಯಿಯ ಅತ್ತೆಯ ಕೆಲಸವಾಗಿತ್ತು, ಅತ್ತೆ ಸತ್ತ ಮೇಲೆ ಸೊಸೆಯದಾಯಿತು. ಬೇಕೋ ಬೇಡವೋ ಎಂದು ಯಾರೂ ಕೇಳಲಿಲ್ಲ. ಆಮೇಲೆ ಕಾರ್ಖಾನೆಗೆ ಹೆಂಗಸರು ಬೇಕಾದರು. ಕುಮಾರನೇ ವ್ಯಾನು ತಂದು ಕೇರಿಯ ಬಾಯಲ್ಲಿ ನಿಲ್ಲಿಸಿ, "ನನ್ನ ನಂಬ್ಕಂಡ್ ಬನ್ರಮ್ಮಿ, ಪರ್ಮನೆಂಟ್ ಮಾಡುಸ್ತೀನಿ" ಎಂದು ಕೂಗಿದ. ಅಪ್ಪನ ಕೊಟ್ಟಿಗೆಗೆ ಆಳಿಲ್ಲದಾದರೂ ಪರವಾಗಿಲ್ಲ, ತಲೆಗಿಷ್ಟು ಎಂದು ಅವನಿಗೆ ಕಮಿಷನ್ ಬರುತ್ತಿತ್ತು. ಮೊದಲ ದಿನ ವ್ಯಾನು ಹತ್ತುವ ಮುಂಚೆ ಚಿಕ್ಕತಾಯಿ ಉಗುರಿನ ಸಂದಿಯವರೆಗೂ ಸೋಪು ಹಾಕಿ ಕೈ ತೊಳೆದಳು. ಬೋರಯ್ಯ ಜಗುಲಿಯ ಮೇಲಿಂದ ನೋಡಿ ನಕ್ಕ.

"ಬತ್ತಳೆ ಬುಡು. ಎಲ್ಲಿಗೋಗಳು?"

ಆ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಉಳಿದುಬಿಟ್ಟಿತ್ತು. ಕಾರ್ಖಾನೆಯಲ್ಲಿ ಸುಖವೇನೂ ಇರಲಿಲ್ಲ. ನಿಂತು ನಿಂತು ಕಾಲು ಬಾತುಕೊಳ್ಳುತ್ತಿತ್ತು, ಉಚ್ಚೆಗೆ ಹೋಗಲೂ ಅಪ್ಪಣೆ ಬೇಕಿತ್ತು. ಆದರೆ ಕೊಟ್ಟಿಗೆಗೆ ಹೋಗುವ ಹಾಗಿರಲಿಲ್ಲವಲ್ಲ, ಅಷ್ಟು ಸಾಕಿತ್ತು ಅವಳಿಗೆ.

ಈಗ ತಾಂಡ್ಯದ ಕಾರ್ಖಾನೆ ಮುಚ್ಚುತ್ತದಂತೆ. ಯಂತ್ರಗಳೆಲ್ಲ ಮೈಸೂರಿನಾಚೆಯ ಹೊಸ ಯೂನಿಟ್ಟಿಗೆ. ಹೆಂಗಸರಲ್ಲಿ ಕೆಲವರು ಅಲ್ಲಿಗೆ, ಉಳಿದವರು ಮನೆಗೆ. ಯಾರು ಎಲ್ಲಿಗೆ ಎನ್ನುವುದು ಕುಮಾರನ ಬಾಯಲ್ಲಿತ್ತು.

ಚಿಕ್ಕತಾಯಿ ಒಂದು ಭಾನುವಾರ ಬೋರಯ್ಯನ ಅಂಗಳಕ್ಕೆ ಹೋಗಿ ನಿಂತಳು. ಕುಮಾರನ ತಾಯಿ ವೆಂಕಟಮ್ಮ ಪೇಪರ್ ಲೋಟದಲ್ಲಿ ಕಾಫಿ ತಂದು ಮೆಟ್ಟಿಲ ಮೇಲಿಟ್ಟಳು. ಹಿಂದೆ ಕೇರಿಯವರಿಗೆಂದು ಕೊಟ್ಟಿಗೆಯ ಮಾಡಿನಲ್ಲಿ ಒಂದು ತೆಂಗಿನ ಚಿಪ್ಪು ಸಿಕ್ಕಿಸಿರುತ್ತಿದ್ದರು, ಕುಡಿದವರೇ ತೊಳೆದು ಇಡಬೇಕಿತ್ತು. ಈಗ ತೊಳೆಯುವ ಕಷ್ಟವೂ ಇಲ್ಲ, ಕುಡಿದು ಬಿಸಾಕಿದರಾಯಿತು. ಊರು ಮುಂದುವರಿದಿದೆ. ಬೋರಯ್ಯ ಸ್ಟೀಲಿನ ಲೋಟಕ್ಕೆ ರಸ್ಕು ಅದ್ದಿ ಚಪ್ಪರಿಸುತ್ತಿದ್ದ. ಪೊಟ್ಟಣದ ಬಣ್ಣ ನೋಡಿದ ಕೂಡಲೇ ಚಿಕ್ಕತಾಯಿಗೆ ಗುರುತು ಸಿಕ್ಕಿತು. ಅವಳೇ ಬರಿಗೈಯಲ್ಲಿ ಜೋಡಿಸಿದ ರಸ್ಕು. ನಗು ಬಂತು. ತುಟಿ ಕಚ್ಚಿಕೊಂಡಳು.

"ಬುದ್ದಿ, ಒಸಾ ಯೂನಿಟ್ಗೆ ನನ್ನೂ ಸೇರುಸ್ಕಳಿ" ಎಂದಳು.

ಕುಮಾರ ಫೋನಿನಿಂದ ಕಣ್ಣೆತ್ತಲಿಲ್ಲ. "ಸೇರುಸ್ಬೋದು. ಅವ್ವುಂಗೆ ಮಂಡಿ ನೋವು, ಕೊಟ್ಗೆಗೆ ಯಾವ್ ಮುಂಡೇರೂ ಬತ್ತಾಯಿಲ್ಲ. ಬಾನ್ವಾರ ಬಾನ್ವಾರ ಬಂದು ನೋಡ್ಕೊ. ನಿನ್ ಇಸ್ಯ ನಾನ್ ನೋಡ್ಕತೀನಿ. ನನ್ನ ನಂಬು."

"ನಂಬ್ದೆ ಇನ್ನೇನ್ ಮಾಡಳು?" ಎಂದ ಬೋರಯ್ಯ, ಮೀಸೆಗೆ ಅಂಟಿದ ರಸ್ಕಿನ ಪುಡಿ ಒರೆಸಿಕೊಳ್ಳುತ್ತ.

ಅವತ್ತಿನಿಂದ ಭಾನುವಾರಗಳೆಲ್ಲ ಸಗಣಿಯ ಪಾಲಾದವು. ಕೊಟ್ಟಿಗೆಗೆ ಹೋಗದಿರಲೆಂದು ಕೊಟ್ಟಿಗೆಗೇ ಹೋಗುತ್ತಿದ್ದೇನಲ್ಲ ಎಂದು ಬಾಚುತ್ತ ಬಾಚುತ್ತ ಅವಳಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ಮುಚ್ಚುವ ಮುಂಚೆ ಕಾರ್ಖಾನೆಯವರಿಗೆ ಹೆಂಗಸರ ಮೇಲೆ ಪ್ರೀತಿ ಉಕ್ಕಿತು. ಚಿಕ್ಕತಾಯಿ ಮೊಣಕೈ ಸುಟ್ಟುಕೊಂಡ ದಿನವೇ ಮಧ್ಯಾಹ್ನ ಮೈಸೂರಿನಿಂದ ಒಬ್ಬ ಟ್ರೈನರ್ ಬಂದಳು. ಮೇಘನಾ ಎಂದು ಹೆಸರು, ಕಿವಿಗೆ ಸಿಕ್ಕಿಸಿದ ಮೈಕು, ಮುಖದ ತುಂಬ ನಗು. ಊಟದ ಹಾಲ್‌ನಲ್ಲಿ ಬೆಂಚು ಸರಿಸಿ ಎಲ್ಲರನ್ನೂ ನೆಲದ ಮೇಲೆ ಕೂರಿಸಿದರು. ಗೋಡೆಗೆ ಬ್ಯಾನರ್ ಕಟ್ಟಿದ್ದರು: 'ಬದಲಾವಣೆಯ ಹೊಸ್ತಿಲಲ್ಲಿ: ನಂಬಿಕೆ ಮತ್ತು ಅರ್ಥ'.

"ಇದನ್ನ ನಾವು ಕೆಲಸ ಹೋಗೋದು ಅಂತ ಕರೆಯೋಲ್ಲ" ಎಂದಳು ಮೇಘನಾ. "ಇದು ಟ್ರಾನ್ಸಿಷನ್. ಒಂದು ಪಯಣ. ಮುಂದೆ ಏನು ಅಂತ ಗೊತ್ತಿಲ್ಲದೇ ಇರೋದೇ ಇದರ ಬ್ಯೂಟಿ. ನೀವು ಅದಕ್ಕೊಂದು ಅರ್ಥ ಹುಡುಕಬೇಕು."

"ಅರ್ಥ ಆಯ್ತು ಬುಡಿ ಮೇಡಮ್ಮೋರೆ" ಎಂದಳು ವಿಶಾಲಮ್ಮ. "ಈ ಪಯಣುಕ್ಕೆ ವ್ಯಾನ್ ಬತ್ತದಾ, ನಡ್ಕಂಡ್ ಓಗ್ಬೇಕಾ?"

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರ್ ಮಲ್ಲಿಕಾರ್ಜುನ್ ಕೆಮ್ಮಿದ. ನಗು ನಿಂತಿತು. ಮೇಘನಾ ಮಾತ್ರ ಇನ್ನಷ್ಟು ನಕ್ಕು, ಎಲ್ಲರನ್ನೂ ಎಬ್ಬಿಸಿ ಒಂದು ಆಟ ಹೇಳಿಕೊಟ್ಟಳು. ಒಬ್ಬರು ಕಣ್ಣು ಮುಚ್ಚಿ, ಮೈ ಸಡಿಲ ಬಿಟ್ಟು ಹಿಂದಕ್ಕೆ ಬೀಳಬೇಕು. ಹಿಂದೆ ನಿಂತವರು ಹಿಡಿದುಕೊಳ್ಳಬೇಕು. ಅದೇ ನಂಬಿಕೆಯಂತೆ. ಹೆಡ್ ಆಫೀಸಿಗೆ ಕಳಿಸಬೇಕೆಂದು ಮಲ್ಲಿಕಾರ್ಜುನ್ ಫೋನೆತ್ತಿ ವಿಡಿಯೊ ಮಾಡತೊಡಗಿದ.

ಮೊದಲು ಹೆಂಗಸರು ಹೆಂಗಸರೇ ಬಿದ್ದರು, ಹಿಡಿದರು, ಕಿಸಿಕಿಸಿ ನಕ್ಕರು. "ಸೂಪರ್‌ವೈಸರ್ ಕೂಡ ಬರಲಿ! ಇಲ್ಲಿ ಮೇಲೆ ಕೆಳಗೆ ಅನ್ನೋದಿಲ್ಲ" ಎಂದಳು ಮೇಘನಾ. ಕುಮಾರ ಹಲ್ಲು ಕಿರಿಯುತ್ತ ಬಂದು ನಿಂತ. ವಿಶಾಲಮ್ಮ ಬಿದ್ದಳು, ಅವನು ಎರಡೂ ಕಂಕುಳಿಗೆ ಕೈ ಕೊಟ್ಟು ಹಿಡಿದ. "ತಾಯಿ ಸಮಾನ" ಎಂದು ಮಾಲೆಯನ್ನು ಕಣ್ಣಿಗೆ ಒತ್ತಿಕೊಂಡ. ಚಪ್ಪಾಳೆ ಬಿತ್ತು. ಮುಂದಿನವಳು ಚಿಕ್ಕತಾಯಿ.

ಅವಳು ಹಿಂದೆ ತಿರುಗಿ ನೋಡಿದಳು. "ನೋಡಬಾರದು ಅಮ್ಮ, ನಂಬಬೇಕು" ಎಂದಳು ಮೇಘನಾ. ಚಿಕ್ಕತಾಯಿ ಕಣ್ಣು ಮುಚ್ಚಿದಳು. ಇಷ್ಟೊಂದು ಜನರೆದುರಿಗೆ, ಮ್ಯಾನೇಜರ್ ಎದುರಿಗೆ, ಹಿಡಿಯದೆ ಇರುತ್ತಾನೆಯೇ? ನಂಬಿದಳು. ಹೌದು, ಒಂದು ಗಳಿಗೆ ನಿಜವಾಗಿಯೂ ನಂಬಿದಳು.

ಬೆನ್ನು ಸಿಮೆಂಟಿಗೆ ಬಡಿಯಿತು. ಆಮೇಲೆ ತಲೆ. ಕಣ್ಣು ಬಿಟ್ಟಾಗ ಕುಮಾರ ಎರಡು ಹೆಜ್ಜೆ ಆಚೆ, ಪಂಚೆ ಎತ್ತಿಕೊಂಡು ನಿಂತಿದ್ದ.

"ಯಾಕೆ ಹಿಡೀಲಿಲ್ಲ?" ಮೇಘನಾಳ ನಗು ಮೊದಲ ಸಲ ಅಲುಗಾಡಿತು.

"ಮಾಲೆ ಮೇಡಂ."

"ಈಗ ತಾನೇ ಅವರನ್ನ ಹಿಡಿದ್ರಲ್ಲ?"

ಕುಮಾರ ಮ್ಯಾನೇಜರನ ಕಡೆ ನೋಡಿದ. ಕಾರಣ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮೈಸೂರಿನಿಂದ ನಂಬಿಕೆ ಕಲಿಸಲು ಬಂದವಳಿಗೆ ಮಾತ್ರ ಗೊತ್ತಿರಲಿಲ್ಲ, ಇಲ್ಲವೇ ಗೊತ್ತಿಲ್ಲದಿರುವುದೇ ಅವಳಿಗೆ ಅನುಕೂಲವಾಗಿತ್ತು. ಮಲ್ಲಿಕಾರ್ಜುನ್‌ಗೆ ಚೆನ್ನಾಗಿ ಗೊತ್ತಿತ್ತು. ಫೋನಿನಲ್ಲಿ ವಿಡಿಯೊ ಓಡುತ್ತಲೇ ಇತ್ತು, ಬಾಯಿಬಿಟ್ಟು ಹೇಳಿದರೆ ಕೇಸಾಗುತ್ತದೆ. ಅವನು ಗಡಬಡಿಸಿ, "ಏನೋ ಮಿಸ್ ಆಯ್ತು. ಉಲ್ಟಾ ಮಾಡೋಣ. ಕುಮಾರ್ ಬೀಳ್ಲಿ, ಆಯಮ್ಮ ಹಿಡೀಲಿ. ಫೋಟೊ ಚೆನ್ನಾಗಿ ಬರುತ್ತೆ" ಎಂದ.

ಚಿಕ್ಕತಾಯಿ ಎದ್ದು ನಿಂತಳು. ತಲೆಯ ಹಿಂಭಾಗ ದಿಮ್ಮೆನ್ನುತ್ತಿತ್ತು. ಕುಮಾರ ಅವಳ ಮುಂದೆ ಬೆನ್ನು ಮಾಡಿ ನಿಲ್ಲುತ್ತ, ತುಟಿ ಅಲುಗಿಸದೆ ಪಿಸುಗುಟ್ಟಿದ.

"ಏಪ್ರನ್ನ ಅಡ್ಡ ಇಡ್ಕಳೇ. ಮೈಗೆ ಕೈ ಗಿಯ್ ತಗುಲುಸ್ಬುಟ್ಟೀಯ, ಲೌಡಿ! ಬೀಳಕೂ ಬುಡ್ಬ್ಯಾಡ. ನಿನ್ ಕೆಲ್ಸ ಇನ್ನೂವೆ ನನ್ ಕೈಲದೆ."

ಮುಟ್ಟಬಾರದು, ಬೀಳಲೂ ಬಿಡಬಾರದು. ಅವಳ ಅತ್ತೆ ಬೋರಯ್ಯನ ಮನೆಯನ್ನು ಹಾಗೆಯೇ ಹಿಡಿದುಕೊಂಡಿದ್ದಳು, ಅತ್ತೆಯ ಅತ್ತೆಯೂ ಹಾಗೆಯೇ. ಕೇರಿಯವರೆಲ್ಲ ಸೇರಿ ಆ ಊರನ್ನು ಹಿಡಿದುಕೊಂಡು ನಿಂತಿರುವುದೂ ಹಾಗೆಯೇ. ಚಿಕ್ಕತಾಯಿ ಏಪ್ರನ್ ಬಿಚ್ಚಿ ಎರಡು ಕೈಯಲ್ಲಿ ಹರಡಿ ಹಿಡಿದಳು.

ಕುಮಾರ ಕಣ್ಣು ಮುಚ್ಚಿದ. ಹಿಂದೆ ತಿರುಗಿ ನೋಡಲಿಲ್ಲ. ಅವನಿಗೆ ಒಂದಿಷ್ಟೂ ಅನುಮಾನವಿರಲಿಲ್ಲ, ಅದನ್ನು ಕಂಡೇ ಅವಳ ಮೈ ಉರಿಯಿತು. ಈಗಷ್ಟೇ ತಾನು ಬೀಳಿಸಿದವಳ ಕೈಗೆ ಮೈ ಒಪ್ಪಿಸಿ, ಹಾಸಿಗೆಗೆ ಒರಗುವವನ ಹಾಗೆ ಹಾಯಾಗಿ ಹಿಂದಕ್ಕೆ ವಾಲಿದ. ಅವನ ಅಪ್ಪನ ಜಗುಲಿ ಅವಳ ಕಣ್ಣೆದುರಿಗೆ ಬಂತು, ಕೊಟ್ಟಿಗೆ ಬಂತು, ಸಗಣಿಯ ಬುಟ್ಟಿ ಬಂತು.

ಅವಳು ಸರಿದಳು. ಊರಿನ ಬೀದಿಯಲ್ಲಿ ಅವನ ಮನೆಯವರು ಎದುರಾದಾಗ ಸರಿಯುವ ಹಾಗೆಯೇ, ತಲೆ ಬಗ್ಗಿಸಿ, ಕೈ ಕಟ್ಟಿ, ಗೋಡೆಗೆ ಬೆನ್ನು ಹಚ್ಚಿ.

ತುಂಬಿದ ಹಿಟ್ಟಿನ ಮೂಟೆ ಬಿದ್ದ ಸದ್ದಾಯಿತು. ಮಾಲೆ ಕಿತ್ತು ಮಣಿಗಳು ಹಾಲ್‌ನ ತುಂಬ ಉರುಳಿದವು.

"ಅಯ್ಯಯ್ಯಪ್ಪೋ! ಸೊಂಟ... ಇಡೀಲಿಲ್ವಲ್ಲೇ ಬಡ್ಡೆತ್ತದ್ದೆ!"

"ಸರ್ಕೊ ಅಂದಿದ್ರಲ್ಲ ಸಾಮಿ" ಎಂದಳು ಚಿಕ್ಕತಾಯಿ. "ಬೆಳಿಗ್ಗೆಯಿಂದ್ಲೂ ಅದ್ನೆ ತಾನೆ ಯೋಳ್ತಿದ್ದುದು? ಸರ್ಕಂಡೆ."

"ನಿನ್ ಕೆಲ್ಸ ಓಯ್ತು ಕಣೇ! ನಾಳೀಕೇ ಬಾ ಕೊಟ್ಗೆಗೆ!"

"ಕೊಟ್ಗೇನ ನಿಮ್ಮಪ್ಪ ಬಾಚ್ಕಳ್ಳಿ."

ಮೇಘನಾ ಮೈಕಿನ ಮೇಲೆ ಕೈಯಿಟ್ಟುಕೊಂಡು ಮ್ಯಾನೇಜರನ ಮುಖ ನೋಡಿದಳು. ಮಲ್ಲಿಕಾರ್ಜುನ್ ಕಿರುಚಿದ: "ನಿಂತ್ಕೊಂಡು ಏನ್ ನೋಡ್ತಾ ಇದ್ದೀರಿ? ಎತ್ರಮ್ಮ ಅವನನ್ನ!"

ಕುಮಾರ ಮೊಣಕೈ ಊರಿ, ಇನ್ನೊಂದು ಕೈಯನ್ನು ಹೆಂಗಸರ ಕಡೆಗೆ ಚಾಚಿದ. ಚಿಕ್ಕತಾಯಿ ಎಲ್ಲರ ಮುಖ ನೋಡಿದಳು. ಇವರೆಲ್ಲರ ಕೆಲಸವೂ ಅದೇ ಕೈಯಲ್ಲಿತ್ತು. ಯಾರಾದರೂ ಎತ್ತಿಯೇ ಎತ್ತುತ್ತಾರೆ ಎಂದುಕೊಂಡಳು. ಎತ್ತಿದರೆ ಬೈಯಲೂ ಅವಳಿಗೆ ಮನಸ್ಸಿರಲಿಲ್ಲ.

ವಿಶಾಲಮ್ಮನ ಹತ್ತಿರವೇ ಇತ್ತು ಆ ಕೈ. ಅವಳು ಅದನ್ನು ನೋಡಿದಳು, ಚಿಕ್ಕತಾಯಿಯನ್ನು ನೋಡಿದಳು. ಸೀರೆಯ ನೆರಿಗೆಯನ್ನು ಒಂದಿಷ್ಟು ಎತ್ತಿ ಹಿಡಿದು ಹಿಂದಕ್ಕೆ ಹೋದಳು.

"ಮಾಲೆ ಆಕವ್ರೆ ಸಾ. ಮೈಲ್ಗೆ ಆಯ್ತದೆ."

ಅವಳ ಪಕ್ಕದವಳೂ ಸರಿದಳು. ಅವಳ ಹಿಂದಿನವಳೂ ಸರಿದಳು. ಒಬ್ಬೊಬ್ಬರಾಗಿ ಬಂದು ಚಿಕ್ಕತಾಯಿಯ ಅಕ್ಕಪಕ್ಕ ಗೋಡೆಗೆ ಬೆನ್ನು ಹಚ್ಚಿ ನಿಂತರು. ಹಾಲ್‌ನ ನಡುವೆ ಅಷ್ಟಗಲ ಜಾಗ ಬರಿದಾಯಿತು.

"ಯಾರಾರ ಕೈ ಕೊಡ್ರೇ..." ಎಂದ ಕುಮಾರ.

ಚಾಚಿದ ಕೈ ಹಾಗೆಯೇ ಇತ್ತು.