ವಹಾಬ್ ಸಾಹೇಬರ ಜಾಲಂಧ್ರ

ಸೇಡಂ ರಸ್ತೆಯ ತನ್ನ ರಿಪೇರಿ ಅಂಗಡಿಯಲ್ಲಿ ಮೌನೇಶ ಮತ್ತೆ ಗುಂಡಿ ಒತ್ತಿದ. ಯಂತ್ರದೊಳಗಿನ ಫ್ಯಾನು ಗುರ್ರೆಂದಿತು. ಹೊಸ ಮಾನಿಟರು ಮಾತ್ರ ಅಮಾಸಿ ಆಕಾಶದಂತೆ ಕಪ್ಪಗೆ ಕೂತಿತ್ತು.

ಮುಚ್ಚಿಹೋದ ಕಾರ್ಖಾನೆಯೊಂದರ ಹರಾಜಿನಲ್ಲಿ ಕಮಲಾಪುರದ ನಕ್ಷೆಗಾರ ವಹಾಬ್ ಸಾಹೇಬರು ತಂದ ಹಳೇ ಕಾಲದ ವರ್ಕ್‌ಸ್ಟೇಷನ್ ಕಂಪ್ಯೂಟರು ಅದು. ಸಾಯುವತನಕ ಅದರಲ್ಲೇ ಗೆರೆ ಎಳೆದಿದ್ದರು. ಊರ ಮಸೀದಿಯ ಕಲ್ಲಿನ ಜಾಲಂಧ್ರದ ನಕ್ಷೆ ಅದರೊಳಗೇ ಉಳಿದಿತ್ತು. ಈಗ ಅದರ ಡಬ್ಬಾ ಮಾನಿಟರು ಕೆಟ್ಟಿತ್ತು. ಶುಕ್ರವಾರದೊಳಗೆ ನಕ್ಷೆ ಸಿಗದಿದ್ದರೆ ಮಸೀದಿ ಕಮಿಟಿಯವರು ಸಿಮೆಂಟಿನ ರೆಡಿಮೇಡ್ ಜಾಲಂಧ್ರ ಕೂಡಿಸುವವರಿದ್ದರು. ಅಂದು ಗುರುವಾರ.

ತಂತಿ ಸಿಕ್ಕಿಸುವ ಬಾಯಿ ಹಳೆಯ ಯಂತ್ರದ್ದು ಒಂದು ನಮೂನೆ, ಹೊಸ ಮಾನಿಟರಿನದು ಇನ್ನೊಂದು. ನಡುವೆ ಸೇರಿಸಲು ಹೈದರಾಬಾದಿನಿಂದ ಅಡಾಪ್ಟರ್ ತರಿಸಿದ್ದ. ಅದನ್ನು ಹಚ್ಚಿದ, ಬಿಚ್ಚಿದ, ಬೇರೆ ಮಾನಿಟರ್ ಇಟ್ಟು ನೋಡಿದ. ‘ಮೊದಲು ಚಿತ್ರ ಬರಲಿ, ಕೀಬೋರ್ಡಿನ ಮಾತು ಆಮೇಲೆ’ ಎಂದು ರಿಪೇರಿಯ ಸಂಜೆ ಕ್ಲಾಸಿನಲ್ಲಿ ಕಲಿಸಿದ್ದರು. ವಹಾಬರ ಹೆಂಡತಿ ದಿಲ್ಶಾದ್ ಬೇಗಂ ಕೀಬೋರ್ಡು ಕಳಿಸಿರಲಿಲ್ಲ, ಇವನೂ ಕೇಳಿರಲಿಲ್ಲ. ಅಡಾಪ್ಟರ್ ತಪ್ಪೋ, ಮಾನಿಟರ್ ತಪ್ಪೋ, ತಾನೇ ಸುಟ್ಟುಬಿಟ್ಟೆನೋ? ಕೊನೆಗೆ ಎಲ್ಲವನ್ನೂ ಟಂಟಂ ಗಾಡಿಯಲ್ಲಿ ಹೇರಿಕೊಂಡು ಕಮಲಾಪುರಕ್ಕೆ ಹೊರಟ. ಸುಟ್ಟಿದ್ದರೆ ಎದುರಿಗೇ ಹೇಳಬೇಕಲ್ಲ.

ವಹಾಬರ ಮನೆಯ ಪಡಸಾಲೆಯಲ್ಲಿ, ಜಾಲಂಧ್ರ ಕೆತ್ತಬೇಕಿದ್ದ ಕಲ್ಲುಕುಟಿಗ ಶಫಿ ಕಾಯುತ್ತ ಕೂತಿದ್ದ. “ಬರ್ರಿ ಇಂಜಿನಿಯರ್ ಸಾಹೇಬ್ರ! ನಕ್ಷಾ ತಂದೀರೋ, ಬರೇ ಡಬ್ಬಿ ತಂದೀರೋ?”

“ಡಬ್ಬೀನೇ ರೀ,” ಎಂದ ಮೌನೇಶ. ಬೇಗಂ ಕಡೆ ತಿರುಗಿದ. “ಖಾಲಾ, ನನ್ನಿಂದ ಆಗ್ಲಿಲ್ಲ. ಸುಟ್ಟೀನೋ ಏನೋ, ಅದೂ ತಿಳೀವಲ್ದು.”

ದಿಲ್ಶಾದ್ ಬೇಗಂ ಯಂತ್ರದ ಮೇಲೆ ಕೈ ಇಟ್ಟರು. “ಇರ್ಲಿ ಬೇಟಾ. ಅವರು ಇದ್ದಾಗ ಹ್ಯಾಂಗಿತ್ತೋ ಹಾಂಗೇ ಮೇಜಿನ ಮ್ಯಾಲ ಜೋಡ್ಸಿಡು.” ಕಪಾಟಿನಿಂದ ಮಖಮಲ್ಲಿನ ಗಂಟೊಂದನ್ನು ತೆಗೆದರು. ಒಳಗೆ ಕೀಬೋರ್ಡು. “ಇದನ್ನ ಒರಸ್ಬ್ಯಾಡ. ಇದರ ಮ್ಯಾಲ ಅವರ ಬೆರಳ ಜಿಡ್ಡು ಅದ.”

ಒರೆಸದೆ ಜೋಡಿಸಿದ. ಕಡೆಯ ಸಲವೆಂದು ಗುಂಡಿ ಒತ್ತಿದ.

ಪರದೆ ಬೆಳಗಿತು. ಅಕ್ಷರಗಳು ಓಡಿದವು. ವಹಾಬ್ ಸಾಹೇಬರು ಅದನ್ನು ಹೇಗೆ ಸಜ್ಜು ಮಾಡಿಟ್ಟಿದ್ದರೋ, ಕಡೆಯ ನಕ್ಷೆ ತಾನಾಗಿಯೇ ತೆರೆಯಿತು. ನಕ್ಷತ್ರ, ಬಳ್ಳಿ, ಮತ್ತೆ ನಕ್ಷತ್ರ. ಆದರೆ ಎಲ್ಲವೂ ಹಸಿರು. ಬಿಳಿ ಇರಬೇಕಾದ ಕಡೆಯೂ ಹಸಿರು.

“ಯಾ ಅಲ್ಲಾ,” ಎಂದರು ಬೇಗಂ.

“ನಾ ಏನೂ ಮಾಡಿಲ್ರಿ!” ಎಂದ ಮೌನೇಶ, ಬೈದವರಿಗೆ ಉತ್ತರ ಕೊಡುವವನಂತೆ. ಆರಿಸಿ, ಕೀಬೋರ್ಡು ಬಿಚ್ಚಿ, ಯಂತ್ರ ಮತ್ತೆ ಚಾಲೂ ಮಾಡಿದ: ಕತ್ತಲು. ಆರಿಸಿ, ಕೀಬೋರ್ಡು ಸಿಕ್ಕಿಸಿ ಚಾಲೂ ಮಾಡಿದ: ಬೆಳಕು. ಕೀಬೋರ್ಡು ಇಲ್ಲದಿದ್ದರೆ ಕೀಲಿ ಒತ್ತುವವರೇ ಎದುರಿಗಿಲ್ಲವೆಂದು ಈ ಯಂತ್ರ ಪರದೆಗೆ ಏನನ್ನೂ ಕಳಿಸುವುದಿಲ್ಲವೋ ಏನೋ. ಇದು ಯಾವ ಕ್ಲಾಸಿನಲ್ಲೂ ಹೇಳಿರಲಿಲ್ಲ. ಹೇಳಿದ ದಿನ ತಾನು ಹೋಗಿರಲಿಲ್ಲವೋ?

“ಆದ್ರ ಈ ಹಸಿರು? ಅಡಾಪ್ಟರ್ ಬಿಚ್ಚಿ ಮತ್ತ ಹಚ್ಚಿ ನೋಡ್ತೀನ್ರಿ, ಬಣ್ಣ ಸರಿ—”

“ಕೈ ಹಚ್ಚಿದ್ರ ನೋಡ್ರಿ ಮತ್ತ!” ಶಫಿ ಅವನ ಮುಂಗೈ ಹಿಡಿದ. “ಕಲ್ಲಿಗ್ಯಾವ ಬಣ್ಣ ಬೇಕ್ರಿ ಮಾರಾಯ್ರ?”

ಚೀಲದಿಂದ ಪಾರದರ್ಶಕ ಬಟರ್ ಪೇಪರ್ ತೆಗೆದು, ಪರದೆಯ ಗಾಜಿನ ಮೇಲೆ ಟೇಪಿನಿಂದ ಅಂಟಿಸಿ, ಪೆನ್ಸಿಲಿನಿಂದ ನಕ್ಷೆಯ ಗೆರೆಗಳನ್ನು ಅದರ ಮೇಲೆ ಇಳಿಸುತ್ತ ಕೂತೇಬಿಟ್ಟ. ದಿಲ್ಶಾದ್ ಬೇಗಂ ಕುರ್ಚಿ ಎಳೆದುಕೊಂಡರು. ನಡುನಡುವೆ ಪರದೆ ಮಂಕಾಗತೊಡಗಿದಾಗ ತಾವೇ ಒಂದು ಕೀಲಿಯನ್ನು ಮೆಲ್ಲಗೆ ಮುಟ್ಟುತ್ತಿದ್ದರು.

ಮೌನೇಶ ಮೇಜಿನ ಹಿಂದೆ ಕುಕ್ಕರಗಾಲಲ್ಲಿ ಕೂತ. ಅಲುಗಿದರೆ ಚಿತ್ರ ಹೋದೀತೆಂದು ಅಡಾಪ್ಟರನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಅದು ಸಡಿಲಾಗಿತ್ತೋ ಬಿಗಿಯಾಗಿತ್ತೋ ತಿಳಿಯಲಿಲ್ಲ. ಬಿಟ್ಟು ನೋಡುವ ಧೈರ್ಯವೂ ಬರಲಿಲ್ಲ.