ಬಿಜಾಗರಿ ಸಿಗುವವರೆಗೆ

ಮಣ್ಣು ಮಾಡಿ ಬಂದ ಮೇಲಿನ ಮೊದಲ ಸಾಧಾರಣ ಬೆಳಗ್ಗೆ ಬಚ್ಚಲಿನಲ್ಲಿ ಏನೋ ದೊಪ್ಪನೆ ಬಿತ್ತು. ಬಂಧುಗಳೆಲ್ಲ ಹಿಂದಿನ ದಿನವೇ ತಮ್ಮ ತಮ್ಮ ಊರಿನ ಬಸ್ಸು ಹತ್ತಿದ್ದರು. ಹಾಲಿನವನು ಎಂದಿನಂತೆ ಎರಡು ಪಾಕೀಟು ಇಟ್ಟು, ನನ್ನ ಮುಖ ನೋಡಿ, ಒಂದನ್ನು ಮೆಲ್ಲಗೆ ವಾಪಸು ತೆಗೆದುಕೊಂಡಿದ್ದ. ನಾನು ಚಹಾಕ್ಕೆ ನೀರಿಟ್ಟು ನಿಂತಿದ್ದೆ. ಸದ್ದು ಕೇಳಿ ಮೊದಲು ಮಾಡಿದ ಕೆಲಸವೆಂದರೆ, "ಅರುಣ, ಏನ್ ಬಿತ್ತು ನೋಡು" ಎಂದು ಕೂಗಿದ್ದು. ಎಂ.ಎ. ಓದಿದ ತಲೆ. ಹೊಸ ವಿಷಯ ಹತ್ತಲು ಹೊತ್ತು ಬೇಕು.

ಬಿದ್ದದ್ದು ಗಾಜು ಎತ್ತುವ ಹಿಡಿ. ಹಿಡಿಕೆಯ ಎರಡು ತುದಿಗೂ ಕರಿ ರಬ್ಬರಿನ ತಟ್ಟೆ. ಗಾಜಿಗೆ ಒತ್ತಿ ಹಿಡಿಕೆಯ ಪುಟ್ಟ ಸನ್ನೆಗೋಲು ಮಡಚಿದರೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಇಬ್ರಾಹಿಂಪುರದ ಗಾಜಿನ ಅಂಗಡಿಯ ರಿಜ್ವಾನನ ಹತ್ತಿರ ಅರುಣ ಅದನ್ನು ಕೇಳಿ ತಂದಿದ್ದ. ಬಚ್ಚಲಿಗೆ ಮಾಡಿಸಿದ ಗಾಜಿನ ಬಾಗಿಲನ್ನು ಅದರಿಂದಲೇ ಎತ್ತಿ ಗೋಡೆಗೆ ಒರಗಿಸಿದ. ಹೊನವಾಡದ ದ್ರಾಕ್ಷಿ ತೋಟವೊಂದರಲ್ಲಿ ಹನಿ ನೀರಾವರಿಯ ಪೈಪು ನೋಡುವುದಿತ್ತು, ಅವನ ಕೆಲಸವೇ ಅದು. ಬರುವಾಗ ಬಾಗಿಲು ತಿರುಗುವ ಕೀಲು, ಬಿಜಾಗರಿ, ತರುತ್ತೇನೆ ಎಂದು ಮೋಟಾರ್‌ಸೈಕಲ್ ತೆಗೆದ. ದಾರಿಯಲ್ಲಿ ಒಂದು ಟ್ರ್ಯಾಕ್ಟರ್ ಇತ್ತು. ಇಷ್ಟೇ.

ಅವನು ಒತ್ತಿಟ್ಟ ಹಿಡಿ ಅವನಿಗಿಂತ ಹೆಚ್ಚು ದಿನ ತಡೆದು, ಆ ಬೆಳಗ್ಗೆ ಗಾಜು ಬಿಟ್ಟಿತು.

ನಮ್ಮ ಮನೆಗೆ ಗಾಜಿನ ಬಾಗಿಲಿನ ಶವರ್ ಯಾಕೆ ಬೇಕಿತ್ತು ಎಂದು ಕೇಳಿದರೆ ನನ್ನ ಹತ್ತಿರ ಗೌರವದ ಉತ್ತರವಿಲ್ಲ. ನಳದ ನೀರು ತನಗೆ ಮನಸ್ಸು ಬಂದಾಗ ಬರುತ್ತದೆ. ಉಳಿದ ದಿನ ಬೋರಿನ ಸವಳು ನೀರು. ಇಬ್ಬರೂ ಬಕೀಟು, ತಂಬಿಗೆಯಲ್ಲಿ ಬೆಳೆದವರು. ಮದುವೆಯಾದ ಹೊಸದರಲ್ಲಿ ಸೊಲ್ಲಾಪುರದ ಲಾಡ್ಜೊಂದರಲ್ಲಿ ಅಂಥ ಬಾಗಿಲಿತ್ತು. ಅರುಣ ಒಳಗೆ ನಿಂತು ಹಬೆಯ ಮೇಲೆ ಬೆರಳಿನಿಂದ ನನ್ನ ಹೆಸರು ಬರೆದಿದ್ದ. ಹೊರಗಿದ್ದ ನನಗೆ ಅದು ಉಲ್ಟಾ ಕಂಡಿತು. ಅಷ್ಟಕ್ಕೇ ಮರುಳಾದೆವು.

ಅತ್ತೆ ಶಂಕ್ರೆವ್ವ ಟಿಕೋಟಾದಿಂದ ಫೋನು ಮಾಡಿದರು. "ಸುಧಾ, ಮನಿಗೆ ಕೀಲಿ ಹಾಕಿ ಬಂದ್ಬಿಡ ಬೇ. ಒಬ್ಬಾಕಿ ಅಲ್ಲೇನ್ ಮಾಡ್ತಿ?"

ಬಬಲೇಶ್ವರದಿಂದ ನನ್ನ ಅವ್ವ. "ಅಲ್ಲಿಗ್ಯಾಕ ಹೋಗ್ತಿ? ಇಲ್ಲಿ ಬಾ. ನಿನ್ನ ಖೋಲಿ ಹಂಗ ಐತಿ."

ನನಗೆ ಎರಡೂ ಊರು ಬೇಡವಾಗಿತ್ತು. ಈ ಮನೆಯಲ್ಲೇ ಇರಬೇಕಿತ್ತು. ಹಾಗೆಂದು ಬಾಯಿಬಿಟ್ಟು ಹೇಳುವ ಧೈರ್ಯ ಇರಲಿಲ್ಲ. ಆದ್ದರಿಂದ ಇಬ್ಬರಿಗೂ ಒಂದೇ ಮಾತು ಹೇಳಿದೆ: "ಬಚ್ಚಲದ ಬಾಗಲಾ ಕುಂಡರಿಸಿ ಬರ್ತೇನಿ."

ಬಾಗಿಲು ಕೂರಿಸಲು ಬಿಜಾಗರಿ ಬೇಕು. ಇಂಥ ಗಾಜನ್ನು ಕಾಯಿಸಿ ಗಟ್ಟಿ ಮಾಡಿದ ಮೇಲೆ ಮತ್ತೆ ಕೊಯ್ಯಲಾಗದು, ಪುಡಿಯಾಗುತ್ತದೆ. ಅಂಚಿನಲ್ಲಿ ಮೊದಲೇ ಮಾಡಿಸಿದ ಕಚ್ಚುಗಳಿಗೆ ಹೊಂದುವ ಬಿಜಾಗರಿಯನ್ನೇ ಹುಡುಕಬೇಕು. ಒಳ್ಳೆಯದಾಯಿತು ಎಂದುಕೊಂಡೆ. ಸಿಗುವವರೆಗೆ ಹೋಗಬೇಕಾಗಿಲ್ಲ. ದುರದೃಷ್ಟಕ್ಕೆ, ಹೊಂದುವುದು ಮೊದಲ ಅಂಗಡಿಯಲ್ಲಿ, ರಿಜ್ವಾನನಲ್ಲೇ ಸಿಕ್ಕಿತು. ಅದೂ ಹಲವು ಬಗೆಯದು.

ಆಗ ತಕರಾರು ಹುಟ್ಟಿಸುವ ಕೆಲಸ ನನ್ನ ಮೇಲೆ ಬಿತ್ತು. ಗೋಡೆಗೆ ಕೂರುವ ಪಟ್ಟಿ ಅಗಲವಾದರೆ ಟೈಲ್ಸಿನ ಅಂಚಿಗೆ ಬರುತ್ತದೆ, ಸಪೂರವಾದರೆ ಗಾಜಿನ ಭಾರ ತಾಳುತ್ತದೋ ಇಲ್ಲವೋ. ಒಂದೇ ಕಡೆ ತೆರೆಯುವುದು ಸಾಕೇ, ಎರಡೂ ಕಡೆ ತೆರೆದು ತಾನಾಗಿ ನಡುವೆ ಬಂದು ನಿಲ್ಲುವುದು ಬೇಕೇ? ಹೊಳಪು ಹಾಕಿದ ಹಿತ್ತಾಳೆಯೋ, ಸ್ಟೀಲೋ? ಒಯ್ದು ನೋಡಿ ತಂದು ಕೊಟ್ಟೆ, ಮತ್ತೆ ಒಯ್ದೆ. ಧಾರವಾಡದಲ್ಲಿ ಪ್ರಬಂಧ ಬರೆಯುವಾಗಲೂ ನಾನು ಇಷ್ಟು ಶ್ರದ್ಧೆಯ ವಿದ್ಯಾರ್ಥಿನಿ ಆಗಿರಲಿಲ್ಲ.

"ಅಕ್ಕಾರ," ಎಂದ ಒಂದು ದಿನ ರಿಜ್ವಾನ, "ಮದವಿಗೆ ವರಾ ನೋಡಾವ್ರೂ ಇಷ್ಟ ಒಲ್ಲೆ ಅನ್ನಂಗಿಲ್ರಿ." ಎಂದವನೇ ನಾಲಿಗೆ ಕಚ್ಚಿಕೊಂಡ.

ನನಗೆ ನಗು ಬಂತು. ಅರುಣ ಹೋದ ಮೇಲೆ ಮೊದಲ ಸಲ. ಯಾರಿಗೂ ಹೇಳಿಕೊಳ್ಳುವಂತಿರಲಿಲ್ಲ.

ಕೊನೆಗೆ ಅತ್ತೆಯೇ ರೊಟ್ಟಿಯ ಗಂಟು ಹಿಡಿದು ಬಂದಿಳಿದರು. ಕೈಕಾಲು ತೊಳೆದು ದೇವರ ಜಗಲಿಗೆ ಕೈಮುಗಿಯಲು ಹೋದವರು ಅಲ್ಲೇ ನಿಂತರು.

"ಇವೇನ ಬೇ, ದೇವರ ಬಾಜೂಕ?"

"ಬಿಜಾಗರಿ ರೀ ಅತ್ತಿ. ಯಾವ್ದು ಚೊಲೊ ಅಂತ ನೋಡಾಕತ್ತೇನಿ."

"ಪೂಜಿ ಮಾಡೀಯೋ ಇಲ್ಲೋ?"

"ಇಲ್ರಿ."

"ಮತ್ತ ಹೆಂಗ ಒಲೀತಾವ!"

ಬಚ್ಚಲಿಗೆ ಕರೆದುಕೊಂಡು ಹೋಗಿ ನನ್ನ ಆಯ್ಕೆಯನ್ನು ವಿವರಿಸಿದೆ. ಬಹಳ ವಿಚಾರ ಮಾಡಿ, ಎರಡೂ ಕಡೆ ತೆರೆಯುವುದೇ ಉತ್ತಮ ಎಂಬ ತೀರ್ಮಾನಕ್ಕೆ ಬಂದಿದ್ದೆ. ತೋಳನ್ನು ಬಾಗಿಲಿನಂತೆ ಹೊರಗೆ ಬೀಸಿ, ಒಳಗೆ ಬೀಸಿ ತೋರಿಸಿದೆ. ಕೈ ದಬ್ಬನೆ ಬಡಿಯಿತು.

"ಒಳಗ ತೆರೀತೈತಿ ಅಂತ ಈ ಡ್ರಮ್ಮಿಗೆ ಹೇಳಿಯೇನ?" ಎಂದರು ಅತ್ತೆ.

ನೀಲಿ ಡ್ರಮ್ಮು. ನೀರು ಬಂದ ದಿನ ತುಂಬಿಡುವುದು. ನಮ್ಮ ಕಡೆ ಅದು ಸಾಮಾನಲ್ಲ, ಗೋಡೆ ಇದ್ದ ಹಾಗೆ, ಕಣ್ಣಿಗೆ ಬೀಳುವುದಿಲ್ಲ. ಅರುಣ ಅಳತೆ ತೆಗೆಯುವಾಗ ಅದಕ್ಕೇ ಒರಗಿ ನಿಂತಿದ್ದ. ನಾನು ದಿನವೂ ಅದರ ಮೇಲೆಯೇ ಬಿಜಾಗರಿ ಇಟ್ಟು ನೋಡುತ್ತಿದ್ದೆ.

"ಇಬ್ರೂ ಅಷ್ಟ್ ಓದೀರಿ," ಎಂದು ಅತ್ತೆ ನಕ್ಕರು. "ಇಬ್ರೂ ಕೂಡಿ ಡ್ರಮ್ ಮರ್ತೀರಿ." ಡ್ರಮ್ಮಿನ ಮುಚ್ಚಳದ ಮೇಲೆ ಕೈ ಊರಿಕೊಂಡು ನಗುತ್ತಲೇ ಇದ್ದರು. ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೋ ತಿಳಿಯಲಿಲ್ಲ. ನಾನು ಬಿಜಾಗರಿ ಹಿಡಿದು ನಿಂತಿದ್ದೆ. ಇಂಥ ಹೊತ್ತಿನಲ್ಲಿ ನನಗೆ ಅಳು ಬರುವುದಿಲ್ಲ.

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ನಡಿ ಅಂಗಡಿಗೆ. ಈ ಬಾಗಲಾ ಮುಗಸೂನು. ಆಮ್ಯಾಲ ಇಬ್ರೂ ಕೂಡಿ ಟಿಕೋಟಾಕ್ಕ ಹೋಗೂನು."

ಅಂಗಡಿಯಲ್ಲಿ ಡ್ರಮ್ಮಿನ ಕತೆ ಕೇಳಿ ರಿಜ್ವಾನ ಹೊರಕ್ಕೆ ಮಾತ್ರ ತೆರೆಯುವ ಎರಡು ಜೋಡಿ ತೆಗೆದಿಟ್ಟ. ಅಳತೆ ಒಂದೇ. ಒಂದು ಹೊಳಪಿನದು, ಒಂದು ಸ್ಟೀಲಿನದು.

"ಸವಳ ನೀರಿಗೆ ಹೊಳಪಿಂದು ಭಾಳ ದಿನಾ ತಡ್ಯಂಗಿಲ್ರಿ. ಮನಿ ಬಾಡಗಿ ಕೊಡೂದಿದ್ರ ಇದ ಸಾಕು, ಎಲ್ಲಾರೂ ಇದನ್ನ ಹಾಕಸ್ತಾರ. ತಾವ ಇರೂದಿದ್ರ ಸ್ಟೀಲಿಂದು." ಎರಡನ್ನೂ ನನ್ನ ಮುಂದೆ ಸರಿಸಿದ. "ನೀವು ಇರಾವ್ರೋ, ಹೋಗಾವ್ರೋ ಅಕ್ಕಾರ?"

ಎಲ್ಲ ಬಗೆಯ ತಕರಾರು ತೆಗೆದಿದ್ದೆ, ಈ ಪ್ರಶ್ನೆಯನ್ನು ಅವನು ಕೇಳಬಹುದೆಂದು ಮಾತ್ರ ಅಂದುಕೊಂಡಿರಲಿಲ್ಲ. ತಲೆ ಎತ್ತಿದೆ. ಅಂಗಡಿಯ ಗೋಡೆ ತುಂಬ ಕನ್ನಡಿ, ಪ್ರತಿ ಕನ್ನಡಿಯಲ್ಲೂ ಅತ್ತೆ. ಎತ್ತ ನೋಡಿದರೂ ಅವರನ್ನೇ ನೋಡಬೇಕಿತ್ತು.

"ಸ್ಟೀಲಿಂದು ಕೊಡ್ರಿ," ಎಂದೆ.

ರಿಜ್ವಾನ ಡಬ್ಬಿ ಹುಡುಕಲು ಬಗ್ಗಿದ. ಬಹಳ ಹೊತ್ತು ಹುಡುಕಿದ.

"ಒಬ್ಬಾಕೀನ?" ಎಂದರು ಅತ್ತೆ.

"ಹೂಂ ರೀ ಅತ್ತಿ."

"ಅಂಜಿಕಿ ಬಂದ್ರ?"

"ನಿಮಗ ಫೋನ್ ಮಾಡ್ತೇನ್ರಿ."

"ನಾ ಎತ್ತೂದಿಲ್ಲ." ಸೆರಗು ಸರಿ ಮಾಡಿಕೊಂಡು ರಿಜ್ವಾನನ ಕಡೆ ತಿರುಗಿದರು. "ತಮ್ಮಾ, ಇದು ತುಕ್ಕ ಹಿಡದ್ರ ಕಿತ್ತ ತಂದ ನಿನ್ನ ಅಂಗಡಿ ಮುಂದ ಒಗೀತೇನ ನೋಡ. ಆಕಿ ಇಲ್ಲೇ ಇರಾಕಿ."

ಮರುದಿನ ರಿಜ್ವಾನ ಬಂದು ಹಿಡಿಯನ್ನು ಮತ್ತೆ ಗಾಜಿಗೆ ಒತ್ತಿದ. ಅವನು ಎತ್ತಿದ, ನಾನೂ ಅತ್ತೆಯೂ ಕೆಳಗಿನ ಅಂಚು ಹಿಡಿದೆವು. ಬಾಗಿಲು ಕೂತಿತು. ಅವನು ಬೇರೆ ಕೆಲಸದ ಅವಸರದಲ್ಲಿ ಚೀಲ ಎತ್ತಿಕೊಂಡು ಹೋದ. ಹಿಡಿ ಗಾಜಿನ ಮೇಲೇ ಉಳಿಯಿತು.

ಮೊದಲ ಸ್ನಾನ ಅತ್ತೆಯದು. ಬಕೀಟು, ತಂಬಿಗೆ ಒಯ್ದು ಬಾಗಿಲು ಹಾಕಿಕೊಂಡರು. ಕೂಡಲೇ ತೆರೆದರು.

"ಹಾಕಿದ್ರೂ ಎಲ್ಲಾ ಕಾಣತೈತಲ್ಲ ಬೇ. ಮತ್ತ್ಯಾಕಿದು ಬಾಗಲಾ?"

ನನ್ನ ಅಷ್ಟೂ ಸಂಶೋಧನೆಯಲ್ಲಿ ಆ ಪ್ರಶ್ನೆ ಬಂದಿರಲಿಲ್ಲ. ಅವರು ಗಾಜಿನ ಮೇಲೆ ಇಳಕಲ್ಲು ಸೀರೆಯನ್ನು ಇಳಿಬಿಟ್ಟು, ಅದರ ಮರೆಯಲ್ಲಿ ಸ್ನಾನ ಮುಗಿಸಿದರು. ಸಂಜೆಯ ಬಸ್ಸಿಗೆ ಒಬ್ಬರೇ ಟಿಕೋಟಾಕ್ಕೆ ಹೋದರು.

ಮಾರನೆಯ ಬೆಳಗ್ಗೆ ಹಿಡಿಯ ಸನ್ನೆಗೋಲನ್ನು ನಾನೇ ಬಿಚ್ಚಿದೆ. ಗಾಳಿ ಒಳಹೊಕ್ಕ ಸಣ್ಣ ಸದ್ದು. ಗಾಜಿನ ಮೇಲೆ ಎರಡು ದುಂಡನೆಯ ಗುರುತು ಉಳಿದವು. ಸವಳು ನೀರು ಹೇಗೂ ಎಲ್ಲವನ್ನೂ ಬೆಳ್ಳಗೆ ಮಾಡುತ್ತದೆ ಎಂದು ಒರೆಸದೆ ಬಿಟ್ಟೆ. ಹಿಡಿಯನ್ನು ಟವೆಲಿನಲ್ಲಿ ಸುತ್ತಿ ಇಬ್ರಾಹಿಂಪುರಕ್ಕೆ ಒಯ್ದೆ.

ರಿಜ್ವಾನ ಅದನ್ನು ಕೈಗೆ ತೆಗೆದುಕೊಂಡು, ರಬ್ಬರಿನ ಧೂಳು ಒರೆಸಿ, ನನ್ನ ಕಡೆ ನೋಡದೆ ಹೇಳಿದ. "ಸಂಜಿಮುಂದ ತಂದ ಕೊಡ್ತೇನಿ ಅಂದಿದ್ರು ಅರುಣಕುಮಾರ ಅವ್ರು."

"ಸ್ವಲ್ಪ ತಡಾ ಆತ್ರಿ," ಎಂದೆ.